ಕರ್ತರಿಯೋ ಕರ್ಮಣಿಯೋ

ಕನ್ನಡದಲ್ಲಿ ‘ಧ್ವನಿವರ್ಧಕ’ವೆಂಬುದು ಬಹಳ ಉದಾರವಾದ ಶಬ್ದ. ಗಣೇಶೋತ್ಸವದ ಚಪ್ಪರದ ಕಂಬಕ್ಕೆ ಕಟ್ಟಿದ ಕಹಳೆಯೂ ಧ್ವನಿವರ್ಧಕವೇ. ಆ ಕಹಳೆಗೆ ಶಕ್ತಿಯನ್ನು ಊಡುತ್ತ ಮೇಜಿನ ಕೆಳಗೆ ಬಿಸಿಯೇರಿ ಕುಳಿತಿರುವ ಯಂತ್ರವೂ ಧ್ವನಿವರ್ಧಕವೇ. ಭಾಷಣಕಾರರ ಬಾಯಿಯ ಮುಂದೆ ನಿಲ್ಲಿಸಿದ ದಂಡವನ್ನೂ ಜನ ಅದೇ ಹೆಸರಿನಿಂದ ಕರೆಯುವುದುಂಟು. ನಿಜವಾಗಿ ನೋಡಿದರೆ ಈ ಮೂರರಲ್ಲಿ ವರ್ಧನದ ಹೊಣೆಯನ್ನು ಹೊತ್ತಿರತಕ್ಕದ್ದು ನಡುವಣದೊಂದೇ. ಕೊನೆಯದು ಗಾಳಿಯ ಅಲೆಯನ್ನು ವಿದ್ಯುತ್ತಾಗಿ ಮಾಡಿ ಕೊಡುತ್ತದೆ. ಮೊದಲನೆಯದು ವಿದ್ಯುತ್ತನ್ನು ಮರಳಿ ಗಾಳಿಯ ಅಲೆಯಾಗಿ ಮಾಡುತ್ತದೆ. ಒಂದೇ ಹೆಸರಿನ ಈ ಗೊಂದಲವು ಸಭೆ ಉತ್ಸವಗಳಲ್ಲಿ ಯಾರಿಗೂ ಬಾಧಕವಲ್ಲ. ಆದರೆ ಮನೆಯಲ್ಲಿ ಸಂಗೀತವನ್ನು ಕೇಳುವುದಕ್ಕೆಂದು ಒಂದು ಜೊತೆ ಪೆಟ್ಟಿಗೆಗಳನ್ನು ಕೊಳ್ಳಹೊರಟವರಿಗೆ ಅದು ಅಂಗಡಿಯ ಮೆಟ್ಟಲಿನಲ್ಲಿಯೇ ಎಡವುಗಲ್ಲಾಗುತ್ತದೆ. ವರ್ಧನಯಂತ್ರವು ಪೆಟ್ಟಿಗೆಯ ಒಳಗಿರಬೇಕೋ ಹೊರಗಿರಬೇಕೋ ಎಂಬುದೇ ಅಲ್ಲಿ ಹುಟ್ಟುವ ಮೊದಲ ಪ್ರಶ್ನೆ.

ರಾಜಾಜಿನಗರದಲ್ಲಿ ನೆಲಸಿರುವ ನಿವೃತ್ತ ಕನ್ನಡ ಪಂಡಿತರೊಬ್ಬರಿಗೆ ಈ ಪ್ರಶ್ನೆ ಎದುರಾದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಎರಡು ಬಗೆಗೂ ಹೆಸರಿಟ್ಟದ್ದು. ಅಂಗಡಿಯವರು ‘ಆಕ್ಟಿವ್’ ಎಂದೂ ‘ಪ್ಯಾಸಿವ್’ ಎಂದೂ ಹೇಳುತ್ತಿದ್ದರು. ಮೂವತ್ತು ವರ್ಷ ವ್ಯಾಕರಣ ಕಲಿಸಿದ ಕಿವಿಗೆ ಈ ಎರಡು ಮಾತು ಬಿದ್ದೊಡನೆ ಹೊಳೆಯುವುದು ಇನ್ನೇನು? ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳತಕ್ಕದ್ದು ಕರ್ತರಿ. ಇನ್ನೊಬ್ಬನಿಂದ ಮಾಡಿಸಿಕೊಳ್ಳತಕ್ಕದ್ದು ಕರ್ಮಣಿ. ಒಳಗೇ ವರ್ಧನಯಂತ್ರವನ್ನಿಟ್ಟುಕೊಂಡು ಗೋಡೆಯ ವಿದ್ಯುತ್ತಿಗೆ ನೇರವಾಗಿ ಕೈಚಾಚುವ ಪೆಟ್ಟಿಗೆ ಕರ್ತರಿ ಪೆಟ್ಟಿಗೆ. ಹೊರಗಿನ ವರ್ಧನಯಂತ್ರದಿಂದ ಎರಡೆಳೆಯ ತಂತಿಯ ಮೂಲಕ ಶಕ್ತಿಯನ್ನು ಪಡೆದು ನುಡಿಯುವುದು ಕರ್ಮಣಿ ಪೆಟ್ಟಿಗೆ. ಸದರ್ ಪತ್ರಪ್ಪ ರಸ್ತೆಯ ಅಂಗಡಿಯ ಹುಡುಗನಿಗೆ ಪಂಡಿತರು ಇದನ್ನು ವಿವರಿಸಿದಾಗ ಅವನು ವಿನಯದಿಂದ ಕೇಳಿ, “ಯಾವುದು ತೋರಿಸಲಿ ಸಾರ್, ಬ್ಲೂಟೂತ್ ಇರೋದಾ?” ಎಂದನಂತೆ. ಕನ್ನಡದ ಕರ್ಮಣಿ ಪ್ರಯೋಗ ಹೇಗೂ ಜನರ ಬಾಯಲ್ಲಿ ಬಾಳಿದುದಲ್ಲ. ಅದು ಪುಸ್ತಕದ ಸೊತ್ತು. ಈ ಕರ್ಮಣಿ ಪೆಟ್ಟಿಗೆಯೂ ಈಚೆಗೆ ಹಾಗೆಯೇ ಆಗುತ್ತಿದೆಯೆಂಬುದನ್ನು ಪಂಡಿತರು ಆಮೇಲೆ ಕಂಡುಕೊಂಡರು.

ಅವರ ಮನೆ ಇರುವುದು ಮೂವತ್ತು ಅಡಿ ನಲವತ್ತು ಅಡಿಯ ನಿವೇಶನದಲ್ಲಿ. 1949ರಲ್ಲಿ ರಾಜಗೋಪಾಲಾಚಾರ್ಯರ ಹೆಸರಿನಿಂದ ಆರಂಭವಾದ ಈ ಬಡಾವಣೆ ಕಾರ್ಖಾನೆಯ ಕೆಲಸಗಾರರಿಗೂ ಸಣ್ಣ ನೌಕರರಿಗೂ ನೆಲೆ ಕೊಟ್ಟದ್ದು. ಹಳೆಯ ಮನೆಗಳಲ್ಲಿ ನಡುಮನೆಯೆಂದರೆ ಹತ್ತು ಅಡಿ ಹನ್ನೆರಡು ಅಡಿ, ಕೆಂಪು ಗಾರೆಯ ನೆಲ, ಗಟ್ಟಿ ಗಿಲಾವು, ತಲೆಯ ಮೇಲೆ ಕಾಂಕ್ರೀಟಿನ ತಾರಸಿ. ಇಂಥ ಕೋಣೆಯಲ್ಲಿ ಕೈತಟ್ಟಿದರೆ ಸದ್ದು ಒಂದು ಕ್ಷಣ ಕೋಣೆಯಲ್ಲಿಯೇ ಸುತ್ತಾಡಿ ಹೋಗುತ್ತದೆ. ಪಂಡಿತರ ಮಡದಿ ಹದಿನಾರನೆಯ ವಯಸ್ಸಿನಿಂದ ವೀಣೆಯನ್ನು ಅಭ್ಯಾಸ ಮಾಡಿದವರು, ಮೈಸೂರಿನ ಬಾನಿಯವರು. ಎಪ್ಪತ್ತನ್ನು ದಾಟಿದ ಮೇಲೆ ಬೆರಳು ಸೋತಿತು. ವೀಣೆಯನ್ನು ಗವಸು ಹಾಕಿ ಮೂಲೆಗಿಟ್ಟರು. ಬಾರಿಸುವುದು ನಿಂತರೂ ಕೇಳುವುದೊಂದು ಉಳಿದಿತ್ತು. ಅದಕ್ಕೂ ಮೂರು ವರ್ಷದಿಂದ ಕೊರತೆ ಬರಲಾರಂಭಿಸಿತು. ಪಂಡಿತರು ‘ಸಾಲು’ ಎಂದರೆ ಅವರಿಗೆ ‘ಪಾಲು’ ಎಂದು ಕೇಳುವುದು, ‘ಕಾಲು’ ಎಂದರೆ ‘ಸಾಲು’ ಎಂದು ಕೇಳುವುದು. ಟೆಲಿವಿಷನ್ನಿನ ಸದ್ದನ್ನು ಏರಿಸಿ ಏರಿಸಿ ಪಕ್ಕದ ಮನೆಯ ಗೋಡೆಗೆ ಮುಟ್ಟಿಸಿದರೂ ಮಾತು ತಿಳಿಯುತ್ತಿರಲಿಲ್ಲ. ಗದ್ದಲ ಮಾತ್ರ ಹೆಚ್ಚುತ್ತಿತ್ತು.

ಇದರ ಕಾರಣ ಗುಪ್ತವಾದುದೇನೂ ಅಲ್ಲ. ವಯಸ್ಸಾದಂತೆ ಮೊದಲು ಕ್ಷೀಣಿಸುವುದು ಮೇಲಿನ ಕಂಪನಗಳನ್ನು ಗ್ರಹಿಸುವ ಶಕ್ತಿ. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುವುದರಿಂದ ಅವು ಕೇಳುತ್ತಲೇ ಇರುತ್ತವೆ. ವ್ಯಂಜನಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸುವ ಗುರುತು ಮಾತ್ರ ಸೆಕೆಂಡಿಗೆ ಎರಡು ಸಾವಿರಕ್ಕೆ ಮೇಲ್ಪಟ್ಟ ಕಂಪನಗಳಲ್ಲಿದೆ. ಸಕಾರದ ಸೀತ್ಕಾರವಂತೂ ನಾಲ್ಕು ಸಾವಿರವನ್ನೂ ದಾಟುತ್ತದೆ. ಹೀಗಾಗಿ ಮಾತು ಕೇಳುತ್ತದೆ, ಆದರೆ ತಿಳಿಯುವುದಿಲ್ಲ. ಪಂಡಿತ ದಂಪತಿಗಳು ಮೈಸೂರಿಗೆ ಹೋಗಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿಕೊಂಡು ಶ್ರವಣಸಾಧನವನ್ನು ತಂದರು. ಇಂಥ ಸಂದರ್ಭದಲ್ಲಿ ಮೊದಲು ಮಾಡತಕ್ಕುದು ಅದೇ. ಪೆಟ್ಟಿಗೆಗಳ ವಿಚಾರ ಆ ನಂತರದ್ದು. ಸಾಧನದಿಂದ ಮಾತಿಗೆ ಬಹಳ ಉಪಕಾರವಾಯಿತು. ವೀಣೆಯನ್ನು ಮಾತ್ರ ಆಕೆ ಅದರಲ್ಲಿ ಕೇಳಲೊಲ್ಲದೆ ಹೋದರು. ಮಾತಿಗೆ ಹದಗೊಳಿಸಿದ ಆ ಪುಟ್ಟ ಯಂತ್ರ, ಮೀಟಿನ ಮೊದಲ ಏಟನ್ನು ತಗ್ಗಿಸಿ ಅದರ ಹಿಂದಿನ ಅನುರಣನವನ್ನು ಎತ್ತುತ್ತಿತ್ತು. “ಇದು ವೀಣೆಯಲ್ಲ, ವೀಣೆಯ ಹಾಗೆ ಯಾರೋ ಹಾಡುತ್ತಿದ್ದಾರೆ” ಎಂದು ಅದನ್ನು ಕಿವಿಯಿಂದ ತೆಗೆದಿಟ್ಟು, ಬರಿಗಿವಿಯಲ್ಲಿಯೇ ಕೇಳಬೇಕೆಂದು ಹಟಹಿಡಿದರು.

ಮನೆಯಲ್ಲಿ ಹಳೆಯ ಜೊತೆಯೊಂದು ಇಲ್ಲದೆ ಇರಲಿಲ್ಲ. ಸುಮಾರು ನಲವತ್ತು ವರ್ಷದ ಹಿಂದೆ, ಕ್ಯಾಸೆಟ್ಟುಗಳ ಕಾಲದಲ್ಲಿ, ಪಂಡಿತರು ಸಂಬಳದ ಬಾಕಿ ಬಂದಾಗ ಕೊಂಡ ವರ್ಧನಯಂತ್ರ ಮತ್ತು ಎರಡು ಕರ್ಮಣಿ ಪೆಟ್ಟಿಗೆಗಳು. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ದ ಧ್ವನಿಸುರುಳಿ ಆ ಪೆಟ್ಟಿಗೆಗಳಲ್ಲಿ ಎಷ್ಟು ಸಲ ತಿರುಗಿತ್ತೋ ಲೆಕ್ಕವಿಲ್ಲ. ವರ್ಧನಯಂತ್ರ ಇಂದಿಗೂ ಸರಿಯಾಗಿತ್ತು, ಗುಂಡಿಯನ್ನು ತಿರುಗಿಸುವಾಗ ಒಂದಿಷ್ಟು ಕರಕರ ಎನ್ನುವುದನ್ನು ಬಿಟ್ಟರೆ. ಪೆಟ್ಟಿಗೆಗಳಲ್ಲಿ ಮಾತ್ರ, ದೊಡ್ಡ ಶಂಕುವಿನ ಅಂಚಿಗೆ ಹಚ್ಚಿದ್ದ ಮೆತ್ತನೆಯ ಸುತ್ತುಪಟ್ಟಿ ಹಳೆಯ ರೊಟ್ಟಿಯಂತೆ ಪುಡಿಪುಡಿಯಾಗಿತ್ತು. ಈ ಪಟ್ಟಿ ಫೋಮಿನದಾದರೆ ಹತ್ತು ಹದಿನೈದು ವರ್ಷಕ್ಕೇ ಹೀಗಾಗುವುದು ಸಾಮಾನ್ಯ. ರಬ್ಬರಿನದು ಬಹುಕಾಲ ಬಾಳುತ್ತದೆ. ಹೊರದೇಶದಲ್ಲಿರುವ ಮಗ, ‘ಆ ಹಳೆಯ ಸಾಮಾನನ್ನೆಲ್ಲ ಕೊಟ್ಟುಬಿಡಿ, ಒಳಗೇ ಆಂಪ್ಲಿಫಯರ್ ಇರುವ ಹೊಸ ಜೊತೆಯನ್ನು ತರಿಸಿಕೊಡುತ್ತೇನೆ’ ಎಂದು ದೂರವಾಣಿಯಲ್ಲಿ ಹೇಳಿದ. ಪಂಡಿತರಿಗೆ ಅದು ಒಪ್ಪಿತವಾಗಲಿಲ್ಲ. ಹಣದ ಮಾತು ಒಂದು. ಹೊಸದನ್ನೆಲ್ಲ ಸಂಶಯದಿಂದ ಕಾಣುವ ಸ್ವಭಾವ ಇನ್ನೊಂದು.

ವಿಚಿತ್ರವೆಂದರೆ, ಹೊಸತೆಂದು ಅವರು ಸಂಶಯಪಟ್ಟದ್ದೇ ಮೂಲದಲ್ಲಿ ಹಳೆಯದು. ಇಂದು ಎಲ್ಲ ಮನೆಗಳಲ್ಲಿರುವ, ಸುರುಳಿಯು ಅಯಸ್ಕಾಂತದ ನಡುವೆ ಅಲುಗಾಡಿ ಶಂಕುವನ್ನು ತಳ್ಳುವ ರೀತಿಯ ಧ್ವನಿಪೆಟ್ಟಿಗೆಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು 1925ರಲ್ಲಿ ವಿವರಿಸಿದರು. ಮರುವರ್ಷ ಅದು ‘ರೇಡಿಯೋಲಾ 104’ ಎಂಬ ಹೆಸರಿನಿಂದ 250 ಡಾಲರಿಗೆ ಮಾರಾಟಕ್ಕೆ ಬಂದಾಗ, ವರ್ಧನಯಂತ್ರ ಅದರ ಪೆಟ್ಟಿಗೆಯ ಒಳಗೇ ಇತ್ತು. ಎಂದರೆ ಈ ವಂಶದ ಮೂಲಪುರುಷನೇ ಕರ್ತರಿ. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ 30 ವ್ಯಾಟಿನ ಪ್ರೇಷಕದಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅದನ್ನು ಕೇಳಿದ ಮನೆಗಳ ರೇಡಿಯೋಗಳೂ, 1955ರಲ್ಲಿ ಬೆಂಗಳೂರಿನ ನಿಲಯ ತೆರೆದ ಮೇಲೆ ಬಡಾವಣೆ ಬಡಾವಣೆಗೂ ಹಬ್ಬಿದ ರೇಡಿಯೋಗಳೂ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿಕೊಂಡಂಥವೇ. ವರ್ಧನಯಂತ್ರ ಬೇರೆ, ಪೆಟ್ಟಿಗೆ ಬೇರೆ ಎಂಬ ಮನೆವಾರ್ತೆಯು ರಸಿಕರಲ್ಲಿ ನೆಲೆಗೊಂಡದ್ದು ಎರಡನೆಯ ಮಹಾಯುದ್ಧದ ನಂತರ. ಅದು ಅವಿಭಕ್ತ ಕುಟುಂಬದ ಪಾಲುಪಟ್ಟಿಯಂತೆ. ಈಗ ಮತ್ತೆ ಎಲ್ಲರೂ ಒಂದೇ ಸೂರಿನಡಿ ಸೇರುತ್ತಿದ್ದಾರೆ.

ಈ ನಾಡಿನಲ್ಲಿ ಧ್ವನಿಪೆಟ್ಟಿಗೆಗಳನ್ನು ಆರಿಸುವುದರಲ್ಲಿ ಅತ್ಯಂತ ಶ್ರದ್ಧೆ ವಹಿಸಿದವರೆಂದರೆ ಶ್ರೀ ಜಯಚಾಮರಾಜ ಒಡೆಯರವರೆನ್ನಬಹುದು. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಬಡತನದಲ್ಲಿದ್ದಾಗ ಆತನ ಕೃತಿಗಳನ್ನು ಮುದ್ರಿಸುವ ವೆಚ್ಚವನ್ನು ವಹಿಸಿಕೊಂಡವರು ಅವರು. ಆತ ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಅವರಿಗೇ ಅರ್ಪಿಸಿದ. ಧ್ವನಿಮುದ್ರಣದಲ್ಲಿ ಹೆಸರಾಂತ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೆಯಲ್ಲಿ ಕಂಡ ಮುದ್ರಿಕೆಗಳ ಭಾಂಡಾರವನ್ನೂ ಬಗೆಬಗೆಯ ಲೌಡ್‌ಸ್ಪೀಕರುಗಳ ಸಾಲನ್ನೂ ನೆನೆದು ಬರೆದಿದ್ದಾನೆ. ಅರಸರಿಗೆ ಒಂದನ್ನು ಬಿಟ್ಟು ಒಂದನ್ನು ಆರಿಸಬೇಕಾದ ಕಷ್ಟವಿರಲಿಲ್ಲ; ಎಲ್ಲವನ್ನೂ ತರಿಸಿ ಕೇಳಬಹುದಾಗಿತ್ತು. ನಲವತ್ತು ಸಾವಿರ ರೂಪಾಯಿಯನ್ನು ಬ್ಯಾಂಕಿನಿಂದ ತೆಗೆಯುವ ಮೊದಲು ಎರಡು ರಾತ್ರಿ ಯೋಚಿಸುವ ಗೃಹಸ್ಥನ ಕಷ್ಟ ಬೇರೆ ಬಗೆಯದು.

ಪಂಡಿತರಿಗೆ ಈ ವಿದ್ಯೆಯನ್ನು ತಿಳಿಯಹೇಳಿದವರು ವಿಜಯನಗರದ ಸ್ನೇಹಿತರೊಬ್ಬರು. ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಅವರ ವಿವರಣೆಯನ್ನು ಇಲ್ಲಿ ಸಂಗ್ರಹಿಸಬಹುದು. ಸಾಧಾರಣ ಪೆಟ್ಟಿಗೆಯಲ್ಲಿ ಎರಡು ಬಾಯಿಗಳಿರುತ್ತವೆ: ತಗ್ಗಿನ ನಾದಕ್ಕೆ ದೊಡ್ಡದು, ಮೇಲಿನ ನಾದಕ್ಕೆ ಸಣ್ಣದು. ಬಂದ ಸಂಗೀತವನ್ನು ಸುಮಾರು ಎರಡು ಮೂರು ಸಾವಿರ ಕಂಪನದ ಎಡೆಯಲ್ಲಿ ಇಬ್ಭಾಗ ಮಾಡಿ ಇಬ್ಬರಿಗೂ ಹಂಚಬೇಕು. ಕರ್ಮಣಿ ಪೆಟ್ಟಿಗೆಯಲ್ಲಿ ಮೊದಲು ವರ್ಧನ, ಆಮೇಲೆ ವಿಭಾಗ. ಬಲವಾದ ಪ್ರವಾಹವನ್ನು ತಾಮ್ರದ ಸುರುಳಿಗಳೂ ಕೆಪಾಸಿಟರುಗಳೂ ಸೋಸಿ ಹಂಚುತ್ತವೆ. ತುಂಬಿದ ಹೊಳೆಗೆ ತೂಬು ಕಟ್ಟಿದಂತೆ ಅದು. ಒಂದಷ್ಟು ಬಲ ತೂಬಿನಲ್ಲಿಯೇ ಬಿಸಿಯಾಗಿ ಕಳೆದುಹೋಗುತ್ತದೆ, ಬಾಯಿಗಳ ಮೇಲೆ ಯಂತ್ರಕ್ಕಿರುವ ಹಿಡಿತವೂ ಸ್ವಲ್ಪ ಸಡಿಲವಾಗುತ್ತದೆ. ನಿಜವಾದ ಕರ್ತರಿಯಲ್ಲಿ ಮೊದಲು ವಿಭಾಗ, ಆಮೇಲೆ ವರ್ಧನ. ಕಾಲುವೆಯ ಹಂತದಲ್ಲಿಯೇ ನೀರನ್ನು ಬೇರ್ಪಡಿಸಿ, ಒಂದೊಂದು ಬಾಯಿಗೂ ಒಂದೊಂದು ವರ್ಧನಯಂತ್ರವನ್ನು ಪ್ರತ್ಯೇಕವಾಗಿ ಒದಗಿಸುತ್ತಾರೆ. ಸಣ್ಣ ಪ್ರವಾಹವನ್ನು ಕತ್ತರಿಸುವುದು ಸುಲಭವೂ ಹೌದು, ನಿಖರವೂ ಹೌದು. ಪೆಟ್ಟಿಗೆಯನ್ನು ಕಟ್ಟಿದವನೇ ಯಂತ್ರವನ್ನೂ ಕಟ್ಟಿರುವುದರಿಂದ ಯಾವುದು ಯಾವುದಕ್ಕೆ ಹೊಂದುವುದೆಂಬ ತಲೆನೋವು ಕೊಳ್ಳುವವನಿಗಿಲ್ಲ.

ಆದರೆ ಪೇಟೆಯಲ್ಲಿ ಕರ್ತರಿಯೆಂದು ಮಾರುವುದೆಲ್ಲ ಕರ್ತರಿಯಲ್ಲ ಎಂಬುದನ್ನು ಇಂಜಿನಿಯರರು ಒತ್ತಿ ಹೇಳಿದರು. ಬಹುಮಟ್ಟಿಗೆ ಅಲ್ಲಿರುವುದು ಒಂದು ಬಗೆಯ ಮಿಶ್ರಪ್ರಯೋಗ. ಬಲಗಡೆಯ ಪೆಟ್ಟಿಗೆಯಲ್ಲಿ ಒಂದು ಸಣ್ಣ ವರ್ಧನಯಂತ್ರವನ್ನು ತುರುಕಿ, ಅದರಿಂದಲೇ ಎಡಗಡೆಯದಕ್ಕೂ ತಂತಿಯೆಳೆದಿರುತ್ತಾರೆ; ಒಳಗಿನ ವಿಭಾಗವೆಲ್ಲ ಕರ್ಮಣಿಯದೇ. ಗುರುತಿಸುವ ಉಪಾಯ ಸುಲಭ. ಎರಡೂ ಪೆಟ್ಟಿಗೆಗಳಿಗೆ ಬೇರೆ ಬೇರೆ ವಿದ್ಯುತ್ತಿನ ಹುರಿ ಇದೆಯೇ ನೋಡಬೇಕು. ಒಂದಕ್ಕೇ ಹುರಿಯಿದ್ದು ಎರಡರ ನಡುವೆ ಎರಡೆಳೆಯ ತಂತಿ ಮಾತ್ರ ಓಡಿದ್ದರೆ ಎರಡನೆಯದು ಪರಾಶ್ರಿತವೆಂದು ತಿಳಿಯಬೇಕು. ಎರಡಕ್ಕೂ ಹುರಿ ಇದ್ದರೂ, ದೊಡ್ಡ ಬಾಯಿಗೆ ಇಷ್ಟು ವ್ಯಾಟು, ಸಣ್ಣ ಬಾಯಿಗೆ ಇಷ್ಟು ವ್ಯಾಟು ಎಂದು ಬೇರೆಬೇರೆಯಾಗಿ ಬರೆದಿದೆಯೇ ಎಂದು ಓದಿ ನೋಡುವುದು ಒಳ್ಳೆಯದು. ಮಿಶ್ರದ್ದೆಂದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ; ಬೆಲೆಗೆ ತಕ್ಕ ಗುಣವಿದ್ದರೆ ಅದೂ ಸರಿಯೇ. ಮಾರುವವನು ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡಬಾರದು, ಅಷ್ಟೆ.

ವ್ಯಾಟಿನ ವಿಷಯದಲ್ಲಿಯೂ ಒಂದು ಮಾತು ಹೇಳಲೇಬೇಕು. 1990ರ ದಶಕದಲ್ಲಿ ಪೆಟ್ಟಿಗೆಗಳ ಮೇಲೆ ‘ಪಿ.ಎಂ.ಪಿ.ಒ.’ ಎಂಬ ಅಕ್ಷರಗಳನ್ನೂ ಅದರ ಹಿಂದೆ ಸಾವಿರಗಟ್ಟಲೆ ವ್ಯಾಟುಗಳನ್ನೂ ಮುದ್ರಿಸುವ ರೂಢಿ ಹಬ್ಬಿತ್ತು. ಅದು ಅಳತೆಯಲ್ಲ, ಬಿರುದು. ಅದನ್ನು ಓದಿ ಮೋಸಹೋಗದ ಮನೆ ಬೆಂಗಳೂರಿನಲ್ಲಿ ವಿರಳ. ನಿಜವಾಗಿ ಸಣ್ಣ ಕೋಣೆಗೆ ಬೇಕಾದ ಶಕ್ತಿ ಆಶ್ಚರ್ಯವಾಗುವಷ್ಟು ಕಡಮೆ. ಸಾಧಾರಣವಾದ ಪೆಟ್ಟಿಗೆಯೊಂದು ಒಂದು ವ್ಯಾಟಿಗೆ, ಒಂದು ಮೀಟರಿನ ದೂರದಲ್ಲಿ, 86 ಡೆಸಿಬೆಲಿನಷ್ಟು ಸದ್ದು ಮಾಡುತ್ತದೆ. ಮನುಷ್ಯರ ಮಾತುಕತೆ ಸುಮಾರು 60. ಎಂದರೆ ಮನೆಯಲ್ಲಿ ಸಂಗೀತ ಕೇಳುವಾಗ ಬಹುಪಾಲು ಕಾಲ ಒಂದು ವ್ಯಾಟು ಕೂಡ ಖರ್ಚಾಗುವುದಿಲ್ಲ. ಮೃದಂಗದ ಒಂದು ಪೆಟ್ಟು ಸುತ್ತಲಿನ ನಾದಕ್ಕಿಂತ 10 ಡೆಸಿಬೆಲ್ ಮೇಲೆದ್ದರೆ ಆ ಕ್ಷಣಕ್ಕೆ ಹತ್ತು ಪಟ್ಟು ಶಕ್ತಿ ಬೇಕಾಗುವುದರಿಂದ, ಇಪ್ಪತ್ತು ಮೂವತ್ತು ವ್ಯಾಟಿನ ಯಂತ್ರವಿದ್ದರೆ ನೆಮ್ಮದಿ. ಗೋಪಾಲಸ್ವಾಮಿಯವರು ಒಂದು ಊರಿಗೇ ಕೇಳಿಸಲು ಹಚ್ಚಿದ ಅಂಕಿಯೂ ಇಷ್ಟೇ ಎಂಬುದನ್ನು ನೆನೆದರೆ ನಗು ಬರುತ್ತದೆ, ಅದರ ಕೆಲಸ ಬೇರೆಯೇ ಆದರೂ. ಮೇಲಾಗಿ, 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶಕ್ಕೆ ಹಗಲಲ್ಲಿ 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲಿನ ಮಿತಿಯಿದೆ. ರಾಜ್ಯೋತ್ಸವದ ತಿಂಗಳಲ್ಲಿ ಆ ಮಿತಿ ಬೀದಿಯಲ್ಲಿ ಎಲ್ಲಿ ಹೋಗಿರುತ್ತದೆಂದು ಕೇಳಬಾರದು.

ತಗ್ಗಿನ ನಾದಕ್ಕೆಂದು ಬೇರೆ ದೊಡ್ಡ ಪೆಟ್ಟಿಗೆಯೊಂದನ್ನೂ ಕೊಳ್ಳಿರೆಂದು ಅಂಗಡಿಯವರು ಒತ್ತಾಯಪಡಿಸುವುದುಂಟು. ಕರ್ಣಾಟಕ ಸಂಗೀತವನ್ನು ಕೇಳುವ ಮನೆಗೆ ಅದು ಅನಾವಶ್ಯಕ. ಒಂದು ಕಟ್ಟೆಯ ಶ್ರುತಿಯಲ್ಲಿ ಹಾಡುವ ಗಾಯಕನ ಆಧಾರಷಡ್ಜ ಸೆಕೆಂಡಿಗೆ ಸುಮಾರು 131 ಕಂಪನ. ಕೆಳಗಿನ ಪಂಚಮ 98. ತಂಬೂರಿಯ ಮಂದ್ರಷಡ್ಜ 65. ಐದಂಗುಲದ ಬಾಯಿಯುಳ್ಳ ಒಳ್ಳೆಯ ಪೆಟ್ಟಿಗೆ ಇಷ್ಟನ್ನು ತಾನೇ ನುಡಿಯಬಲ್ಲದು. ಇನ್ನೂ ಕೆಳಕ್ಕೆ ಇಳಿದರೆ ಕೋಣೆಯೇ ವಾದ್ಯವಾಗಿಬಿಡುತ್ತದೆ: ಹನ್ನೆರಡು ಅಡಿಯ ಎರಡು ಗೋಡೆಗಳ ನಡುವೆ 47 ಕಂಪನದ ನಾದ ಸಿಕ್ಕಿಕೊಂಡು ಗುಂಯ್ಯೆನ್ನುತ್ತದೆ. ಆ ಗುಂಯ್ಯೆನ್ನುವಿಕೆಯನ್ನು ಹಣಕೊಟ್ಟು ತರಬೇಕಾದುದಿಲ್ಲ.

ಇಷ್ಟು ತಿಳಿದ ಮೇಲೆಯೂ ಪಂಡಿತರ ಮನಸ್ಸು ಕರ್ಮಣಿಯ ಕಡೆಗೇ ವಾಲಿತ್ತು. ಅದಕ್ಕೆ ಇದ್ದ ಕಾರಣವನ್ನು ಹಗುರವಾಗಿ ಕಾಣುವಂತಿಲ್ಲ. ಕರ್ಮಣಿ ಪೆಟ್ಟಿಗೆಯಲ್ಲಿ ಕೆಡುವುದಕ್ಕೆ ವಸ್ತುಗಳೇ ಕಡಮೆ. ಸುತ್ತುಪಟ್ಟಿ ಹೋದರೆ ಪಟ್ಟಿ, ಕೆಪಾಸಿಟರು ಹೋದರೆ ಕೆಪಾಸಿಟರು. ಕೈಗೆ ಒಂದು ಕಾಯಿಸುವ ಕಡ್ಡಿಯಿದ್ದವನು ಅದನ್ನು ಬದುಕಿಸಬಲ್ಲ. ವರ್ಧನಯಂತ್ರ ಕೆಟ್ಟರೆ ಪೆಟ್ಟಿಗೆ ಉಳಿಯುತ್ತದೆ. ಪೆಟ್ಟಿಗೆ ಕೆಟ್ಟರೆ ಯಂತ್ರ ಉಳಿಯುತ್ತದೆ. ಕರ್ತರಿಯಲ್ಲಿ ಒಳಗಿನ ಹಲಗೆಯೊಂದು ಸುಟ್ಟುಹೋದರೆ, ಅದೇ ಹಲಗೆ ಸಿಕ್ಕುವ ಕಾಲ ಮುಗಿದಿದ್ದರೆ, ಚೆನ್ನಾಗಿರುವ ಬಾಯಿಗಳೆರಡೂ ಮೂಕವಾಗಿ ಕುಳಿತಿರಬೇಕು. ಬಸವೇಶ್ವರನಗರದ ಪರಿಚಿತರೊಬ್ಬರ ಮನೆಯಲ್ಲಿ ಹಾಗೆಯೇ ಆಗಿತ್ತು. ಮೇ ತಿಂಗಳ ಗುಡುಗುಮಳೆಯ ಸಂಜೆ ಹುರಿಯನ್ನು ಕೀಳದೆ ಬಿಟ್ಟದ್ದಕ್ಕೆ ಒಂದು ಪೆಟ್ಟಿಗೆಯ ಪ್ರಾಣ ಹೋಯಿತು. ಇನ್ನೊಂದು ಬದುಕಿದ್ದೂ ಪ್ರಯೋಜನವಿಲ್ಲದೆ ಪುಸ್ತಕದ ಕಪಾಟಿಗೆ ಒರಗಾಯಿತು. ವಸ್ತುವನ್ನು ಕೊಳ್ಳುವಾಗ ಅದರ ಮುಪ್ಪನ್ನೂ ಯೋಚಿಸುವುದು ಒಂದು ತಲೆಮಾರಿನ ಸಂಸ್ಕಾರ. ಮುಪ್ಪಿನ ವಿಚಾರ ಆ ಮನೆಯಲ್ಲಿ ಬರಿಯ ವಸ್ತುಗಳಿಗೆ ಸಂಬಂಧಿಸಿದ್ದಾಗಿಯೂ ಇರಲಿಲ್ಲ.

ಪಂಡಿತರು ಒಂದು ಬೆಳಗ್ಗೆ ರಾಜಾಜಿನಗರದಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಹಳೆಯ ಪೆಟ್ಟಿಗೆಗಳ ಬಾಯಿಗಳನ್ನು ಚೀಲದಲ್ಲಿ ಹಿಡಿದು ಸದರ್ ಪತ್ರಪ್ಪ ರಸ್ತೆಯನ್ನು ಅಲೆದರು. ಸುತ್ತುಪಟ್ಟಿ ಸಿಕ್ಕಿತು, ರಿಪೇರಿಯವನು ಒಂದು ವಾರದ ಗಡುವು ಕೇಳಿದ. ಅದೇ ಹೊತ್ತಿಗೆ ಇಂಜಿನಿಯರರು ಉಪಾಯದಿಂದ, ತಮ್ಮ ಅಳಿಯನ ಒಂದು ಜೊತೆ ನಿಜಕರ್ತರಿ ಪೆಟ್ಟಿಗೆಗಳನ್ನು ಎಂಟು ದಿನದ ಮಟ್ಟಿಗೆ ಕೇಳಿತಂದು ಪಂಡಿತರ ಮನೆಯಲ್ಲಿಟ್ಟು ಹೋದರು. ಅಂಗಡಿಯಲ್ಲಿ ಕೇಳುವುದಕ್ಕಿಂತ ಮನೆಯಲ್ಲಿ ಕೇಳುವುದೇ ಪರೀಕ್ಷೆ. ಕೋಣೆಯನ್ನು ಅಂಗಡಿಗೆ ಒಯ್ಯಲಾಗುವುದಿಲ್ಲವಷ್ಟೆ.

ಮೊದಲನೆಯ ದಿನ ಅಪಶಕುನವೇ ಆಯಿತು. ಹುರಿಗಳನ್ನು ಸಿಕ್ಕಿಸಿ ಟೆಲಿವಿಷನ್ನಿಗೆ ಜೋಡಿಸಿದೊಡನೆ ಪೆಟ್ಟಿಗೆಗಳು ದುಂಬಿಯಂತೆ ಝೇಂಕರಿಸತೊಡಗಿದವು. ಕರ್ತರಿಗೆ ಇದು ಹುಟ್ಟುದೋಷವಲ್ಲ, ಮನೆಯ ದೋಷ. ಒಂದು ಪೆಟ್ಟಿಗೆಯ ಭೂಸಂಪರ್ಕ ಗೋಡೆಯ ಸಾಕೆಟ್ಟಿನಿಂದ, ಟೆಲಿವಿಷನ್ನಿನದು ಕೇಬಲ್ಲಿನವರ ತಂತಿಯ ಕವಚದಿಂದ. ಎರಡೂ ಬೇರೆಬೇರೆ ಕಡೆಯಲ್ಲಿ ಭೂಮಿಯನ್ನು ಮುಟ್ಟಿದಾಗ ನಡುವೆ ಒಂದು ವೃತ್ತ ಏರ್ಪಟ್ಟು 50 ಆವರ್ತದ ವಿದ್ಯುತ್ತು ಅದರಲ್ಲಿ ಗುನುಗುತ್ತದೆ. ಹುರಿಯ ಭೂಸಂಪರ್ಕದ ಕಡ್ಡಿಯನ್ನು ಮುರಿದುಹಾಕಿದರೆ ಝೇಂಕಾರ ನಿಲ್ಲುತ್ತದೆಂದು ಪಕ್ಕದ ಮನೆಯ ಜಾಣನೊಬ್ಬ ಸಲಹೆ ಕೊಟ್ಟ. ಎಷ್ಟೋ ಮನೆಗಳಲ್ಲಿ ಹಾಗೆ ಮಾಡುತ್ತಾರೆ. ಅದು ಪ್ರಾಣಾಪಾಯದ ಕೆಲಸ, ಎಂದಿಗೂ ಮಾಡತಕ್ಕುದಲ್ಲ. ಇಂಜಿನಿಯರರು ತಾಮ್ರದ ತಂತಿಯನ್ನು ತೆಗೆದು, ಬೆಳಕನ್ನು ಸಾಗಿಸುವ ಪ್ಲಾಸ್ಟಿಕಿನ ಎಳೆಯನ್ನು ಟೆಲಿವಿಷನ್ನಿನಿಂದ ಪೆಟ್ಟಿಗೆಗೆ ಜೋಡಿಸಿದರು. ಬೆಳಕಿಗೆ ಭೂಸಂಪರ್ಕದ ಗೊಡವೆಯಿಲ್ಲ. ಝೇಂಕಾರ ನಿಂತಿತು.

ಎರಡನೆಯ ದಿನ ಪೆಟ್ಟಿಗೆಗಳನ್ನು ಟೆಲಿವಿಷನ್ನಿನ ಎರಡು ಬದಿಗಿಟ್ಟು ಮಡದಿಯನ್ನು ಎದುರು ಗೋಡೆಯ ಕುರ್ಚಿಯಲ್ಲಿ ಕೂರಿಸಿದರು. ಆಕೆ ಕೇಳಿ, “ಚೆನ್ನಾಗಿದೆ, ಇನ್ನೂ ಸ್ವಲ್ಪ ಜೋರಾಗಿ” ಎಂದರು. ಮೂರು ವರ್ಷದಿಂದ ಕೇಳಿದ ಅದೇ ಮಾತು. ಪಂಡಿತರ ಮುಖ ಬಾಡಿತು. ಇಂಜಿನಿಯರರು ಜೋರು ಮಾಡಲಿಲ್ಲ. ಕುರ್ಚಿಯನ್ನು ಮುಂದಕ್ಕೆ ತಂದು ಪೆಟ್ಟಿಗೆಗಳನ್ನು ಅದರ ಹತ್ತಿರಕ್ಕೆ, ಕಿವಿಯ ಮಟ್ಟಕ್ಕೆ, ನಾಲ್ಕು ಅಡಿಯ ದೂರದಲ್ಲಿ ನಿಲ್ಲಿಸಿದರು. ಇದರಲ್ಲಿ ಮಂತ್ರವೇನೂ ಇಲ್ಲ. ದೂರ ಅರ್ಧವಾದರೆ ಪೆಟ್ಟಿಗೆಯಿಂದ ನೇರವಾಗಿ ಬರುವ ನಾದ 6 ಡೆಸಿಬೆಲ್ ಏರುತ್ತದೆ; ಗೋಡೆ ತಾರಸಿಗಳಿಂದ ಮರಳಿಬರುವ ನಾದ ಇದ್ದಷ್ಟೇ ಇರುತ್ತದೆ. ಮಂದವಾದ ಕಿವಿಯನ್ನು ದಣಿಸುವುದು ಆ ಮರುನಾದವೇ. ಅಂಥ ಸಮೀಪದಲ್ಲಿ ಕೇಳುವುದಕ್ಕೆಂದೇ ಧ್ವನಿಮುದ್ರಣಶಾಲೆಗಳಲ್ಲಿ ಸಣ್ಣ ಕರ್ತರಿ ಪೆಟ್ಟಿಗೆಗಳನ್ನು ಬಳಸುತ್ತಾರೆ. ಅವುಗಳ ಬೆನ್ನಿನಲ್ಲಿ ಮೇಲಿನ ನಾದವನ್ನು ಒಂದೆರಡು ಮಾತ್ರೆ ಏರಿಸುವ ಸಣ್ಣ ಗುಂಡಿಯೂ ಇರುವುದುಂಟು. ಅದನ್ನೂ ಒಂದು ಮನೆಯಷ್ಟು ತಿರುಗಿಸಿದರು.

ಮೈಸೂರು ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಹೆಚ್ಚಾಗಿ ಕಟ್ಟಿ ಏಳು ತಂತಿಯ ವಾದ್ಯವನ್ನು ಮಾಡಿಕೊಂಡದ್ದು, ಯಂತ್ರವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು. ಅವರು ವಾದ್ಯದ ಬಲವನ್ನು ಹೆಚ್ಚಿಸಿದರು. ಇಲ್ಲಿ ಶ್ರೋತೃವನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಮುಂದಿನ ಸಾಲಿಗೆ ಕರೆತಂದಂತಾಯಿತು.

ಆ ಸಂಜೆ ಹಾಕಿದ್ದು ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. 1997ರಲ್ಲಿ ತೀರಿಕೊಂಡ ಆ ಮಹನೀಯರು ಬೆಂಗಳೂರು ಆಕಾಶವಾಣಿಯಲ್ಲಿ ಬಹುಕಾಲ ಇದ್ದವರು. ಪಂಡಿತರ ಮಡದಿ ಬಾಲ್ಯದಲ್ಲಿ ಅವರ ಕಛೇರಿಗಳನ್ನು ಎದುರಿಗೆ ಕುಳಿತು ಕೇಳಿದ್ದರು. ಆಕೆ ಕಣ್ಣುಮುಚ್ಚಿ ಸ್ವಲ್ಪ ಹೊತ್ತು ಕೇಳಿ, ಬಲಗೈಯ ಕಿರುಬೆರಳನ್ನು ಕುರ್ಚಿಯ ಕೈಯ ಮೇಲೆ ಆಡಿಸತೊಡಗಿದರು. ಅದು ತಾಳದ ತಂತಿಯನ್ನು ಮೀಟುವ ಬೆರಳು. ಆ ತಂತಿಯ ಸಣ್ಣ ಟಿಣ್‌ಕಾರ ಬಹುದಿನದಿಂದ ಅವರಿಗೆ ಕೇಳಿರಲಿಲ್ಲ. ರಾಗ ಮುಗಿದು ತಾನ ಮೊದಲಾದಾಗ ಕಣ್ಣು ತೆರೆದು, “ಇಷ್ಟು ಜೋರು ಬೇಡ, ಸ್ವಲ್ಪ ತಗ್ಗಿಸಿ” ಎಂದರು. ಪಂಡಿತರು ಎದ್ದುಹೋಗಿ ಗುಂಡಿಯನ್ನು ತಿರುಗಿಸಿದರು. ತಿರುಗಿಸಿದವರು ಬಹಳ ಹೊತ್ತು ಆ ಕಡೆಗೇ ಮುಖಮಾಡಿಕೊಂಡು ನಿಂತಿದ್ದರು.

ಹಳೆಯ ಪೆಟ್ಟಿಗೆಗಳು ಹೊಸ ಸುತ್ತುಪಟ್ಟಿ ತೊಟ್ಟು ವಾರದ ಮೇಲೆ ಬಂದವು. ನ್ಯಾಯವಾಗಿ ಹೇಳಬೇಕಾದರೆ ಅವುಗಳನ್ನೂ ಕುರ್ಚಿಯ ಹತ್ತಿರಕ್ಕೆ ತಂದು ನೋಡಿದರು. ಆದರೆ ಅವು ಮೊಣಕಾಲೆತ್ತರದವು. ಒಂದೊಂದೂ ಇಪ್ಪತ್ತು ಸೇರಿನ ಭಾರ. ಸಮೀಪದಲ್ಲಿ ದೊಡ್ಡ ಬಾಯಿಯೂ ಸಣ್ಣ ಬಾಯಿಯೂ ಬೇರೆಬೇರೆಯಾಗಿ ಎರಡು ಕಡೆಯಿಂದ ಮಾತನಾಡಿದಂತೆ ಕೇಳುತ್ತಿತ್ತು. ಅಂಥ ಪೆಟ್ಟಿಗೆಗಳಿಗೆ ಬೇಕಾದುದು ದೂರ ಮತ್ತು ಜಾಗ. ಪಂಡಿತರು ಕರ್ತರಿಯ ಜೊತೆಯೊಂದನ್ನು ಕೊಂಡರು, ತಮ್ಮ ಹಣದಿಂದಲೇ. ಮಗನಿಗೆ ತಿಳಿಸಿದ್ದು ಆಮೇಲೆ. ಬೆಲೆಯ ಮೇಲೆ ಇನ್ನೂ ಎರಡು ಸಾವಿರ, ಕುರ್ಚಿಯ ಎರಡು ಬದಿಗೂ ಭೂಸಂಪರ್ಕವುಳ್ಳ ಸಾಕೆಟ್ಟುಗಳನ್ನು ಹಾಕಿಸುವುದಕ್ಕೆ ಹೋಯಿತು. ಈ ವೆಚ್ಚವನ್ನು ಅಂಗಡಿಯಲ್ಲಿ ಯಾರೂ ಮೊದಲೇ ಹೇಳುವುದಿಲ್ಲ. ಗುಡುಗು ಕೇಳಿಸಿದರೆ ಹುರಿ ಕೀಳಬೇಕೆಂದು ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ, ಶುದ್ಧವಾದ ಕರ್ಮಣಿ ಪ್ರಯೋಗದಲ್ಲಿ: ‘ಮಳೆಗಾಲದಲ್ಲಿ ಹುರಿಯು ಕೀಳಲ್ಪಡತಕ್ಕದ್ದು.’

ಹಳೆಯ ವರ್ಧನಯಂತ್ರವನ್ನೂ ಪೆಟ್ಟಿಗೆಗಳನ್ನೂ ಕೆಂಗೇರಿಯಲ್ಲಿ ಹೊಸ ಮನೆ ಮಾಡಿದ ತಮ್ಮನ ಮಗ ಆಟೋರಿಕ್ಷಾದಲ್ಲಿ ಒಯ್ದ. ಅವನ ನಡುಮನೆ ಇಪ್ಪತ್ತು ಅಡಿ ಉದ್ದ, ಸಾಮಾನಿನ್ನೂ ತುಂಬಿಲ್ಲ. ಅಲ್ಲಿ ಅವು ಚೆನ್ನಾಗಿ ನುಡಿಯುತ್ತವೆಂದು ಕೇಳಿಕೆ. ಗುಂಡಿಯ ಕರಕರವನ್ನು ಮಾತ್ರ ಅವನು ಇನ್ನೂ ಸರಿಮಾಡಿಸಿಲ್ಲ.